ಸಂಗ್ರಹಧಾನ್ಯದ ಕೀಟನಿಯಂತ್ರಣದಲ್ಲಿ ಸಸ್ಯಜನ್ಯ ಸುಗಂಧತೈಲಗಳು

ಕಣದಿಂದ ಮನೆಗೆ ಬಂದು ಕಣಜವನ್ನು ಸೇರಿದ ಧಾನ್ಯವನ್ನು ಮುಂದಿನ ಸುಗ್ಗಿಯವರೆಗೂ ಒಳಗಿನಿಂದಲೇ ತಿಂದು ಹಾಳುಮಾಡುವ ಕೀಟಗಳನ್ನು, ಸಸ್ಯಗಳ ಎಲೆ, ಹೂವು, ಬೀಜ, ಹಣ್ಣಿನ ಸಿಪ್ಪೆ, ತೊಗಟೆ, ಬೇರುಗಳಲ್ಲಿ ನೆಲೆಸಿರುವ, ಗಾಳಿಗೆ ತೆರೆದಿಟ್ಟರೆ ಆವಿಯಾಗಿ ಹೋಗುವ ಸುಗಂಧಯುಕ್ತ ತೈಲಗಳ ನೆರವಿನಿಂದ ಕೊಲ್ಲುವ, ದೂರವಿಡುವ ಅಥವಾ ಅವುಗಳ ಸಂತಾನವೃದ್ಧಿಯನ್ನು ತಡೆಯುವ ವಿಧಾನವು ಈ ಲೇಖನದ ವಿಷಯ. ಗ್ರಾಮಜೀವನದಲ್ಲಿ ಬಹುಕಾಲದಿಂದ ಸೊಪ್ಪು, ಬೇರು, ಕಾಳುಗಳ ರೂಪದಲ್ಲಿ ಬಳಕೆಯಲ್ಲಿದ್ದ ಈ ಉಪಾಯವು ಪ್ರಯೋಗಶಾಲೆಯ ಪರೀಕ್ಷೆಗೆ ವ್ಯಾಪಕವಾಗಿ ಒಳಪಟ್ಟದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಅಂದಿನಿಂದ ಪ್ರಕಟವಾದ ಸಂಶೋಧನೆಗಳ ರಾಶಿ ದೊಡ್ಡದು. ಆದರೆ ಆ ರಾಶಿಯ ಗಾತ್ರಕ್ಕೆ ಅನುಗುಣವಾಗಿ ಉಗ್ರಾಣಗಳಲ್ಲಿ ಇದರ ಬಳಕೆ ಬೆಳೆದಿಲ್ಲ. ಇದಕ್ಕೆ ಕಾರಣವು ತೈಲಗಳ ಸಾಮರ್ಥ್ಯದ ಕೊರತೆಗಿಂತ ಹೆಚ್ಚಾಗಿ ಆವಿಗೂ ಪಾತ್ರೆಗೂ ಧಾನ್ಯಕ್ಕೂ ಇರುವ ಪರಸ್ಪರ ಸಂಬಂಧದಲ್ಲಿ ಅಡಗಿದೆಯೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಸಂಗ್ರಹಧಾನ್ಯದ ಕೀಟಗಳನ್ನು ಅವು ವಾಸಿಸುವ ಸ್ಥಾನವನ್ನನುಸರಿಸಿ ಎರಡು ವರ್ಗಗಳಾಗಿ ವಿಭಜಿಸುವುದು ವಾಡಿಕೆ. ಕಾಳಿನ ಒಡಲೊಳಗೇ ಹುಟ್ಟಿ ಬೆಳೆಯುವಂಥವು ಮೊದಲನೆಯ ವರ್ಗ. ಅಕ್ಕಿಯ ಸೊಂಡಿಲು ಹುಳುವಾದ ಸೈಟೊಫೈಲಸ್ ಒರೈಜೀ, ಅದರ ಸಮೀಪಬಂಧುವಾದ ಮೆಕ್ಕೆಜೋಳದ ಸೊಂಡಿಲು ಹುಳು, ಧಾನ್ಯಕೊರಕವೆನಿಸಿದ ರೈಜೊಪರ್ಥ ಡಾಮಿನಿಕ, ದ್ವಿದಳ ಧಾನ್ಯಗಳ ಕುಟ್ಟೆಹುಳು, ಫ್ರಾನ್ಸಿನ ಅಂಗುಮಾ ಪ್ರಾಂತದ ಹೆಸರನ್ನು ಹೊತ್ತ ಧಾನ್ಯಪತಂಗ ಇವೆಲ್ಲ ಈ ವರ್ಗಕ್ಕೆ ಸೇರಿದವು. ಒಡೆದ ಕಾಳು, ನುಚ್ಚು, ಹಿಟ್ಟುಗಳ ನಡುವೆ ಹೊರಗೆ ಓಡಾಡಿಕೊಂಡು ಜೀವಿಸುವ ಕೆಂಪು ಹಿಟ್ಟುಹುಳು, ಗೂಡು ನೇಯ್ದು ಅಕ್ಕಿಯನ್ನು ಗಂಟುಗಟ್ಟಿಸುವ ಅಕ್ಕಿಪತಂಗ, ವರ್ಷಗಟ್ಟಲೆ ಆಹಾರವಿಲ್ಲದೆ ಗೋಡೆಯ ಬಿರುಕಿನಲ್ಲಿ ಅಡಗಿರಬಲ್ಲ ಖಾಪ್ರಾ ಹುಳುವಿನ ಮರಿ ಮುಂತಾದವು ಎರಡನೆಯ ವರ್ಗ. ಹೊರಗೆ ಓಡಾಡುವ ಪ್ರಾಣಿಯನ್ನು ಮುಟ್ಟಬಲ್ಲ ಔಷಧವು ಕಾಳಿನ ಒಳಗೆ ಮುಚ್ಚಿಕೊಂಡ ಪ್ರಾಣಿಯನ್ನು ಮುಟ್ಟಲಾರದೆ ಹೋಗಬಹುದಾದ್ದರಿಂದ, ಈ ವಿಭಜನೆಯನ್ನು ಬಿಟ್ಟು ಕೀಟನಿಯಂತ್ರಣದ ಯಾವ ಮಾತನ್ನೂ ಆಡುವುದು ಸಾಧ್ಯವಿಲ್ಲ.

ಸೊಂಡಿಲು ಹುಳುವಿನ ಹೆಣ್ಣು ತನ್ನ ಸೊಂಡಿಲಿನ ತುದಿಯ ದವಡೆಗಳಿಂದ ಕಾಳಿನಲ್ಲಿ ಸಣ್ಣ ಕುಳಿಯೊಂದನ್ನು ಕೊರೆದು, ಅದರಲ್ಲಿ ಒಂದೇ ಒಂದು ಮೊಟ್ಟೆಯನ್ನಿಟ್ಟು, ಅಂಟಾದ ಸ್ರಾವದಿಂದ ಕುಳಿಯ ಬಾಯಿಯನ್ನು ಮುಚ್ಚಿಬಿಡುತ್ತದೆ. ಹೀಗೆ ತನ್ನ ಜೀವಿತದಲ್ಲಿ 300ರವರೆಗೆ ಮೊಟ್ಟೆಗಳನ್ನಿಡುವ ಸಾಮರ್ಥ್ಯ ಅದಕ್ಕುಂಟು. ಮೊಟ್ಟೆಯೊಡೆದು ಬಂದ ಕಾಲಿಲ್ಲದ ಬಿಳಿಯ ಮರಿ ಕಾಳಿನ ಹಿಟ್ಟನ್ನೇ ತಿಂದು, ಅಲ್ಲೇ ಕೋಶಾವಸ್ಥೆಯನ್ನು ಕಳೆದು, ಬೆಚ್ಚನೆಯ ಹವೆಯಲ್ಲಿ ಸುಮಾರು ಐದು ವಾರಗಳ ನಂತರ ಪ್ರೌಢಕೀಟವಾಗಿ ಸಿಪ್ಪೆಯನ್ನು ಕಚ್ಚಿ ಹೊರಬರುವವರೆಗೂ, ರಾಶಿಯನ್ನು ನೋಡುವ ಕಣ್ಣಿಗೆ ಹಾನಿಯ ಸುಳಿವೇ ಇರುವುದಿಲ್ಲ.

ದ್ವಿದಳ ಧಾನ್ಯಗಳ ಕುಟ್ಟೆಹುಳುವಿನ ನಡವಳಿಕೆ ಇದಕ್ಕಿಂತ ಭಿನ್ನವಾಗಿದ್ದು, ಸುಗಂಧತೈಲಗಳ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿದೆ. ಕ್ಯಾಲೊಸೊಬ್ರೂಕಸ್ ಕುಲಕ್ಕೆ ಸೇರಿದ ಈ ಹುಳು ಹೆಸರು, ಅಲಸಂದೆ, ಕಡಲೆ, ತೊಗರಿಗಳ ಕಾಳಿನ ಮೇಲ್ಮೈಗೆ ತನ್ನ ಮೊಟ್ಟೆಗಳನ್ನು ಅಂಟಿಸುತ್ತದೆ. ನುಣುಪಾದ ಸಿಪ್ಪೆಯ ಮೇಲೆ ಬಿಳಿಯ ಚುಕ್ಕೆಗಳಾಗಿ ಅವು ಬರಿಗಣ್ಣಿಗೆ ಕಾಣುತ್ತವೆ. ಮೊಟ್ಟೆಯ ತಳದಿಂದಲೇ ಕೊರೆದುಕೊಂಡು ಮರಿ ಕಾಳಿನೊಳಗೆ ಇಳಿಯುತ್ತದೆ. ಅನುಕೂಲವಾದ ಉಷ್ಣತೆಯಲ್ಲಿ ನಾಲ್ಕು ವಾರಗಳೊಳಗೆ ಬೆಳೆದು, ದುಂಡನೆಯ ರಂಧ್ರವನ್ನು ಬಿಟ್ಟು ಹೊರಡುತ್ತದೆ. ಹೊರಬಂದ ಪ್ರೌಢಕೀಟಕ್ಕೆ ಆಹಾರದ ಅಗತ್ಯವೇ ಇಲ್ಲ. ಒಂದೆರಡು ವಾರಗಳ ಅದರ ಅಲ್ಪಾಯುಷ್ಯವೆಲ್ಲ ಕೂಡುವುದಕ್ಕೂ ಮೊಟ್ಟೆಯಿಡುವುದಕ್ಕೂ ಮೀಸಲು. ಹೊಲದಲ್ಲಿ ಕಾಯಿ ಬಲಿಯುತ್ತಿರುವಾಗಲೇ ಅಂಟಿಕೊಂಡ ಕೆಲವೇ ಮೊಟ್ಟೆಗಳೊಂದಿಗೆ ಕಣಜವನ್ನು ಸೇರುವ ಈ ಕೀಟವು ಮೂರು ನಾಲ್ಕು ತಲೆಮಾರುಗಳಲ್ಲಿ ಇಡೀ ಸಂಗ್ರಹವನ್ನು ಪುಡಿಮಾಡಬಲ್ಲುದು. ಆದರೆ ಮೊಟ್ಟೆಯೂ ಪ್ರೌಢಕೀಟವೂ ಕಾಳಿನ ಹೊರಗೇ ಇರುವುದೂ, ಆ ಪ್ರೌಢಕೀಟವು ಬಹು ಕೋಮಲವಾದ ಜೀವಿಯಾಗಿರುವುದೂ ಆವಿರೂಪದ ಔಷಧಕ್ಕೆ ಅವಕಾಶವನ್ನು ಒದಗಿಸುತ್ತವೆ.

ಕೀಟವನ್ನು ವಾಸನೆಯಿಂದ ತಡೆಯುವ ಪ್ರಯತ್ನ ಹೊಸದಲ್ಲ. ಕನ್ನಡನಾಡಿನ ಮನೆಗಳಲ್ಲಿ ಕಣಜ, ವಾಡೆ, ಗುಡಾಣಗಳಿಗೆ ಕಾಳು ತುಂಬುವಾಗ ಬೇವಿನ ಸೊಪ್ಪನ್ನೋ ಲಕ್ಕಿಯ ಸೊಪ್ಪನ್ನೋ ಪದರಪದರವಾಗಿ ಹರಡುವುದು, ಒಣಮೆಣಸಿನಕಾಯಿಯನ್ನೂ ಬಜೆಯ ಬೇರಿನ ತುಂಡುಗಳನ್ನೂ ನಡುನಡುವೆ ಇಡುವುದು, ಬೀಜದ ಕಾಳಿಗೆ ಬೂದಿಯನ್ನು ಬೆರೆಸುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೇಳೆಗೆ ಹರಳೆಣ್ಣೆಯನ್ನು ಸವರುವುದು ವಾಡಿಕೆಯಲ್ಲಿದ್ದ ಕ್ರಮಗಳು. ದೂರದ ಆಫ್ರಿಕದಲ್ಲಿಯೂ ಇಂಥದೇ ಅನುಭವ ಸ್ವತಂತ್ರವಾಗಿ ಬೆಳೆದಿತ್ತು. ರುವಾಂಡದ ರೈತರು ಹುರುಳಿಕಾಯಿಯ ಕಾಳನ್ನು ತುಳಸಿಯ ಕುಲಕ್ಕೆ ಸೇರಿದ ಆಸಿಮಮ್ ಕ್ಯಾನಮ್ ಎಂಬ ಗಿಡದ ಎಲೆಗಳೊಡನೆ ಸಂಗ್ರಹಿಸುತ್ತಿದ್ದುದನ್ನು ಗಮನಿಸಿದ ವಿಜ್ಞಾನಿಗಳು, 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗತಾನೆ ಅರೆದ ಎಲೆಯಿಂದ ಹೊರಡುವ ಲಿನಲೂಲ್ ಎಂಬ ದ್ರವ್ಯವೇ ಆ ರಕ್ಷಣೆಗೆ ಮುಖ್ಯ ಕಾರಣವೆಂದು ತೋರಿಸಿದರು. ಒಕ್ಕಲುತನದ ಅನುಭವವನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ, ಹಾಗೆಂದು ಅದನ್ನು ಪರೀಕ್ಷಿಸದೆ ಒಪ್ಪಿಕೊಳ್ಳದೆ, ಅದರ ಹಿಂದಿನ ಕಾರಣವನ್ನು ಅಳೆದು ನೋಡಿದ ಈ ಅಧ್ಯಯನವು ಮಾದರಿಯೆನ್ನಲು ತಕ್ಕದ್ದು.

ಮೇಲೆ ಹೇಳಿದ ಮನೆಯ ಕ್ರಮಗಳೆಲ್ಲ ಒಂದೇ ತತ್ತ್ವದಿಂದ ಕೆಲಸಮಾಡುವುದಿಲ್ಲವೆಂಬುದನ್ನು ಇಲ್ಲಿ ವಿಶದಪಡಿಸುವುದು ಅವಶ್ಯ. ಬೂದಿ, ಮಣ್ಣುಗಳು ಕೀಟದ ಮೈಮೇಲಿನ ಮೇಣದ ಹೊದಿಕೆಯನ್ನು ಉಜ್ಜಿ ಹೀರಿ ಅದನ್ನು ಒಣಗಿಸಿ ಕೊಲ್ಲುತ್ತವೆ. ಹರಳೆಣ್ಣೆ, ಕಡಲೆಕಾಯಿ ಎಣ್ಣೆ, ಹೊಂಗೆಯೆಣ್ಣೆಗಳು ಸ್ಥಿರತೈಲಗಳು. ಕಿಲೋಗ್ರಾಮಿಗೆ 5 ಮಿಲಿಲೀಟರಿನಷ್ಟು ಸವರಿದರೂ ಅವು ಕುಟ್ಟೆಹುಳುವಿನ ಮೊಟ್ಟೆಗೆ ಗಾಳಿಯಾಡದಂತೆ ಮಾಡಿ ಅದನ್ನು ನಾಶಪಡಿಸುತ್ತವೆ. ಬೇವಿನ ಬೀಜದ ಅಜಾಡಿರಾಕ್ಟಿನ್ ಕೀಟದ ಬೆಳವಣಿಗೆಯ ವ್ಯವಸ್ಥೆಯನ್ನು ಕೆಡಿಸುವ ವಸ್ತುವಾದರೂ ಆವಿಯಾಗುವ ಗುಣ ಅದಕ್ಕಿಲ್ಲ. ಸುಗಂಧತೈಲವು ಇವೆಲ್ಲಕ್ಕಿಂತ ಬೇರೆ ಜಾತಿಯದು. ಕಾಗದದ ಮೇಲೆ ಹರಳೆಣ್ಣೆಯ ಹನಿ ಬಿದ್ದರೆ ಕಲೆ ಉಳಿಯುತ್ತದೆ. ಶುದ್ಧವಾದ ನೀಲಗಿರಿ ಎಣ್ಣೆಯ ಹನಿ ಬಿದ್ದರೆ ಕೆಲಹೊತ್ತಿನಲ್ಲಿ ಆರಿಹೋಗಿ ಕಾಗದ ಮೊದಲಿನಂತಾಗುತ್ತದೆ. ಹೀಗೆ ಆರಿಹೋಗುವ ಗುಣವೇ ಅದರ ಶಕ್ತಿಯೂ ಹೌದು, ದೌರ್ಬಲ್ಯವೂ ಹೌದು.

ಗಿಡದಿಂದ ಈ ತೈಲವನ್ನು ತೆಗೆಯುವ ಮುಖ್ಯ ಮಾರ್ಗ ಹಬೆಯಿಂದ ಬಟ್ಟಿಯಿಳಿಸುವುದು. ಕುದಿಯುವ ನೀರಿನ ಹಬೆಯು ಎಲೆ ತೊಗಟೆಗಳ ತೈಲಗ್ರಂಥಿಗಳನ್ನು ಒಡೆದು, ಸುಗಂಧದ್ರವ್ಯಗಳನ್ನು ಅವುಗಳ ಕುದಿಬಿಂದುವಿಗಿಂತ ಬಹು ಕೆಳಗಿನ ಉಷ್ಣತೆಯಲ್ಲಿಯೇ ಒಯ್ದು, ತಂಪುಗೊಂಡಾಗ ನೀರಿನಿಂದ ಬೇರ್ಪಟ್ಟ ಪದರವಾಗಿ ಬಿಟ್ಟುಕೊಡುತ್ತದೆ. ಮೈಸೂರು ಸಂಸ್ಥಾನವು 1916ರಲ್ಲಿ ಶ್ರೀಗಂಧದ ಎಣ್ಣೆಯ ತಯಾರಿಕೆಯನ್ನು ಕೈಗೊಂಡಂದಿನಿಂದ ಈ ಕಲೆ ನಮ್ಮ ನಾಡಿನ ಉದ್ಯಮಕ್ಕೆ ಪರಿಚಿತವಾಗಿದೆ. ಪ್ರಯೋಗಶಾಲೆಗಳಲ್ಲಿ ಅಲ್ಪ ಪ್ರಮಾಣದ ಸಸ್ಯದಿಂದ ತೈಲವನ್ನು ತೆಗೆದು ಅಳೆಯಲು ಇಂದಿಗೂ ಬಳಸುವ ಗಾಜಿನ ಉಪಕರಣವು 1928ರಲ್ಲಿ ಅದನ್ನು ವಿವರಿಸಿದ ಕ್ಲೆವೆಂಜರನ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ತೈಲಗಳ ರಾಸಾಯನಿಕ ರಚನೆಯನ್ನು ಬಿಡಿಸಿದ ಕೀರ್ತಿ ಜರ್ಮನಿಯ ಆಟೊ ವಾಲಾಖ್ ಎಂಬಾತನಿಗೆ ಸಲ್ಲತಕ್ಕದ್ದು; ಆತನಿಗೆ 1910ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಐದು ಇಂಗಾಲದ ಪರಮಾಣುಗಳ ಐಸೊಪ್ರೀನ್ ಘಟಕಗಳು ಎರಡು ಕೂಡಿ ಮಾನೊಟರ್ಪೀನುಗಳೂ, ಮೂರು ಕೂಡಿ ಸೆಸ್ಕ್ವಿಟರ್ಪೀನುಗಳೂ ಆಗುತ್ತವೆ. ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಸೋಂಪಿನ ಅನೆಥೋಲ್‌ಗಳು ಫಿನೈಲ್‌ಪ್ರೊಪನಾಯ್ಡ್ ಎಂಬ ಮತ್ತೊಂದು ವರ್ಗದವು. ಒಂದೊಂದು ತೈಲದಲ್ಲಿಯೂ ಹತ್ತಾರು ದ್ರವ್ಯಗಳು ಬೆರೆತಿದ್ದು, ಅವುಗಳಲ್ಲಿ ಎರಡು ಮೂರು ಮಾತ್ರ ಪ್ರಧಾನವಾಗಿರುವುದು ಸಾಮಾನ್ಯ.

ರಾಸಾಯನಿಕ ಧೂಮೀಕರಣದ ಕಾಲದಲ್ಲಿ ಇಂಥ ತೈಲಗಳ ಕಡೆ ವಿಜ್ಞಾನವು ಮತ್ತೆ ತಿರುಗಿದ್ದೇಕೆಂಬುದಕ್ಕೆ ಎರಡು ಅನಿಲಗಳ ಕಥೆಯನ್ನು ಹೇಳಬೇಕು. ಉಗ್ರಾಣಗಳಲ್ಲಿ ದಶಕಗಟ್ಟಲೆ ಬಳಕೆಯಲ್ಲಿದ್ದ ಮಿಥೈಲ್ ಬ್ರೋಮೈಡು ಭೂಮಿಯ ಓಜೋನ್ ಕವಚವನ್ನು ಸವೆಸುವುದೆಂದು ಕಂಡುಬಂದುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ 1992ರಲ್ಲಿ ಅದನ್ನು ತರಲಾಯಿತು. ಹಡಗಿನ ಸರಕಿನ ಸಂಸರ್ಗನಿಷೇಧದಂಥ ವಿಶೇಷ ಸಂದರ್ಭಗಳನ್ನುಳಿದು ಮುಂದುವರಿದ ದೇಶಗಳು 2005ರೊಳಗೂ ಇತರ ದೇಶಗಳು 2015ರೊಳಗೂ ಅದನ್ನು ಕೈಬಿಡಬೇಕೆಂದು ಗೊತ್ತಾಯಿತು. ಉಳಿದದ್ದು ಅಲ್ಯೂಮಿನಿಯಮ್ ಫಾಸ್ಫೈಡಿನ ಗುಳಿಗೆಯಿಂದ ಹೊರಡುವ ಫಾಸ್ಫೀನ್. ಅಗ್ಗವೂ ಸರ್ವವ್ಯಾಪಿಯೂ ಆದ ಈ ಅನಿಲವನ್ನು ಸರಿಯಾಗಿ ಮುಚ್ಚದ ಗೋದಾಮುಗಳಲ್ಲಿ ಮತ್ತೆ ಮತ್ತೆ ಬಿಟ್ಟುದರ ಫಲವಾಗಿ, ಅರೆಜೀವವಾಗಿ ಉಳಿದ ಹುಳುಗಳ ಸಂತಾನದಲ್ಲಿ ಪ್ರತಿರೋಧಶಕ್ತಿ ಬೆಳೆಯಿತು. ಬಾಂಗ್ಲಾದೇಶದ ಗೋದಾಮುಗಳಲ್ಲಿ ಅದು ಬಲವಾಗಿ ಕಾಣಿಸಿಕೊಂಡುದನ್ನು 1983ರಲ್ಲಿಯೇ ವರದಿ ಮಾಡಲಾಗಿತ್ತು. ಇದಲ್ಲದೆ ಮನುಷ್ಯನಿಗೂ ಮಾರಕವಾದ ಈ ಗುಳಿಗೆಯು ನಮ್ಮ ದೇಶದಲ್ಲಿ ಎಷ್ಟು ಜೀವಗಳನ್ನು ಬಲಿತೆಗೆದುಕೊಂಡಿದೆಯೆಂಬುದು ಆಸ್ಪತ್ರೆಗಳ ವೈದ್ಯರಿಗೆಲ್ಲ ತಿಳಿದಿರುವ ವ್ಯಥೆ. ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸತಕ್ಕ ವಸ್ತುವು ಅಡುಗೆಮನೆಯ ಡಬ್ಬಿಯ ಪಕ್ಕಕ್ಕೆ ಬರುವುದು ಎಂದಿಗೂ ತರವಲ್ಲ. ಆ ಡಬ್ಬಿಗೆ ಬೇರೊಂದು ರಕ್ಷಣೆಯನ್ನು ಒದಗಿಸುವ ಹೊಣೆ ವಿಜ್ಞಾನದ ಮೇಲಿದೆ.

ಸುಗಂಧತೈಲವು ಕೀಟದ ಮೇಲೆ ಕೆಲಸಮಾಡುವ ಬಗೆಗಳು ಹಲವು. ಅದರ ಆವಿಯು ಶ್ವಾಸರಂಧ್ರಗಳ ಮೂಲಕ ಶ್ವಾಸನಾಳಗಳಿಗೆ ಹೊಕ್ಕು ದೇಹದ ತುಂಬ ಹರಡುತ್ತದೆ. ದ್ರವವಾಗಿ ಮೈಗೆ ತಾಕಿದರೆ, ಕೊಬ್ಬಿನಲ್ಲಿ ಕರಗುವ ಗುಣದಿಂದ, ಮೇಣದ ಹೊದಿಕೆಯನ್ನು ದಾಟಿ ಒಳಸೇರುತ್ತದೆ. ಒಳಹೊಕ್ಕ ದ್ರವ್ಯಕ್ಕೆ ನರಮಂಡಲವೇ ಗುರಿಯೆಂಬುದು ಕೀಟದ ವರ್ತನೆಯಿಂದಲೇ ತಿಳಿಯುತ್ತದೆ: ಮೊದಲು ಉದ್ವಿಗ್ನವಾಗಿ ಓಡಾಡಿ, ಬಳಿಕ ಕಾಲುಗಳು ನಡುಗಿ, ಬೆನ್ನ ಮೇಲೆ ಬಿದ್ದು ಅದು ನಿಶ್ಚೇಷ್ಟವಾಗುತ್ತದೆ. ಅನೇಕ ಮಾನೊಟರ್ಪೀನುಗಳು ನರಸಂದೇಶವನ್ನು ಮುಗಿಸುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ, ಆದರೆ ಆ ತಡೆ ದುರ್ಬಲವಾದದ್ದು. ಕೀಟಗಳ ದೇಹದಲ್ಲಿ ಮಹತ್ತ್ವದ ಪಾತ್ರ ವಹಿಸುವ ಆಕ್ಟೊಪಮೀನ್ ಎಂಬ ನರದ್ರವ್ಯದ ಗ್ರಾಹಕಗಳ ಮೇಲೆ ಯೂಜಿನಾಲ್ ಮೊದಲಾದವು ಪರಿಣಾಮ ಬೀರುತ್ತವೆಯೆಂಬುದನ್ನು ಅಮೆರಿಕದಲ್ಲಿ ಎಸ್ಸಾಮ್ ಎನಾನ್ 2001ರಲ್ಲಿ ತೋರಿಸಿದನು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಆಕ್ಟೊಪಮೀನಿಗೆ ಅಷ್ಟು ಪ್ರಾಧಾನ್ಯವಿಲ್ಲದ ಕಾರಣ, ಹುಳುವಿಗೆ ವಿಷವಾದದ್ದು ಮನುಷ್ಯನ ಅಡುಗೆಗೆ ಮಸಾಲೆಯಾಗಿರುವುದರ ರಹಸ್ಯದ ಒಂದು ಭಾಗ ಇಲ್ಲಿ ಬಯಲಾಗುತ್ತದೆ. ಕೊಲ್ಲುವಷ್ಟು ಪ್ರಮಾಣವಿಲ್ಲದಾಗಲೂ ವಾಸನೆಯು ಕೀಟವನ್ನು ವಿಮುಖಗೊಳಿಸುವುದು, ಹೆಣ್ಣು ಮೊಟ್ಟೆಯಿಡದಂತೆ ಮಾಡುವುದು, ಇಟ್ಟ ಮೊಟ್ಟೆ ಒಡೆಯದಂತೆ ತಡೆಯುವುದು ಕಂಡುಬಂದಿದೆ; ಕಾಳಿನ ರಕ್ಷಣೆಗೆ ಈ ಸೌಮ್ಯ ಪರಿಣಾಮಗಳು ಮರಣಕ್ಕಿಂತ ಕಡಿಮೆ ಬೆಲೆಯವಲ್ಲ.

ಪರೀಕ್ಷೆಗೆ ಒಳಪಟ್ಟ ತೈಲಗಳನ್ನೆಲ್ಲ ಹೆಸರಿಸಹೊರಟರೆ ಲೇಖನವು ನಿಘಂಟಾದೀತು. ಆವಿಯಾಗಿ ಕೊಲ್ಲುವುದರಲ್ಲಿ ನೀಲಗಿರಿ ಎಣ್ಣೆಯ ಸಿನಿಯೋಲ್, ಕೊತ್ತಂಬರಿ ಬೀಜ ಮತ್ತು ಕಾಮಕಸ್ತೂರಿಗಳ ಲಿನಲೂಲ್, ಸಬ್ಬಸಿಗೆ ಬೀಜದ ಕಾರ್ವೋನ್, ಪುದೀನ ಜಾತಿಯ ಗಿಡಗಳ ಮೆಂಥಾಲ್, ಕರ್ಪೂರ ಇವು ಅಗ್ರಸ್ಥಾನದಲ್ಲಿವೆ. ಸಿನಿಯೋಲ್ 176 ಡಿಗ್ರಿ ಸೆಲ್ಷಿಯಸ್ಸಿನಲ್ಲಿ ಕುದಿಯುವ ದ್ರವ್ಯ. ಲವಂಗದ ಯೂಜಿನಾಲ್ ಕುದಿಯಲು 254 ಡಿಗ್ರಿ ಬೇಕು. ಆದುದರಿಂದ ಯೂಜಿನಾಲಿನ ಪ್ರಭಾವ ಬಹುಮಟ್ಟಿಗೆ ಸ್ಪರ್ಶದಿಂದ ಆಗುವಂಥದು, ಸಿನಿಯೋಲಿನದು ವಾಯುಮಾರ್ಗದಿಂದ. ದಾಲ್ಚಿನ್ನಿಯ ಸಿನಮಾಲ್ಡಿಹೈಡು ಹಿಟ್ಟುಹುಳುವಿಗೂ ಸೊಂಡಿಲು ಹುಳುವಿಗೂ ವಿಷವಾಗುವುದರ ಜೊತೆಗೆ ಅವು ತಿನ್ನದಂತೆಯೂ ಮಾಡುವುದೆಂದು ಸಿಂಗಪುರದ ಸಂಶೋಧಕರು 1998ರಲ್ಲಿ ವರದಿ ಮಾಡಿದರು. ಓಮದ ಥೈಮಾಲ್, ಮಜ್ಜಿಗೆಹುಲ್ಲಿನ ಸಿಟ್ರಾಲ್, ಕಿತ್ತಳೆಯ ಸಿಪ್ಪೆಯ ಲಿಮೊನೀನ್‌ಗಳಿಗೂ ಈ ಗುಣ ಉಂಟು. ಸಾಸಿವೆಯ ವಿಷಯ ಮಾತ್ರ ಬೇರೆ: ಕಾಳನ್ನು ಅರೆದು ತೇವ ತಾಕಿಸಿದಾಗ ಕಿಣ್ವದ ಕ್ರಿಯೆಯಿಂದ ಹುಟ್ಟುವ, ಕಣ್ಣು ಮೂಗುಗಳಲ್ಲಿ ನೀರು ತರಿಸುವ ಗಂಧಕಯುಕ್ತ ದ್ರವ್ಯವು ಟರ್ಪೀನುಗಳಲ್ಲಿ ಬಹಳಷ್ಟನ್ನು ಮೀರಿಸುವ ಉಗ್ರ ಧೂಮಕ.

ಕೀಟಗಳೆಲ್ಲ ಈ ಆವಿಗಳಿಗೆ ಸಮಾನವಾಗಿ ಬಗ್ಗುವುದಿಲ್ಲ. ಇಸ್ರೇಲಿನ ವೊಲ್ಕಾನಿ ಕೇಂದ್ರದಲ್ಲಿ ಎಲಿ ಶಾಯಾ ಮತ್ತು ಸಂಗಡಿಗರು 1990ರ ದಶಕದಲ್ಲಿ ಅನೇಕ ತೈಲಗಳನ್ನು ನಾಲ್ಕು ಮುಖ್ಯ ಕೀಟಗಳ ಮೇಲೆ ಪರೀಕ್ಷಿಸಿದಾಗ, ಕೆಂಪು ಹಿಟ್ಟುಹುಳು ಬಹುತೇಕ ಎಲ್ಲ ತೈಲಗಳಿಗೂ ಹೆಚ್ಚು ಸಹನಶೀಲವಾಗಿ ಕಂಡಿತು. ತಾನೇ ಬೆಂಜೊಕ್ವಿನೋನುಗಳೆಂಬ ದುರ್ವಾಸನೆಯ ವಸ್ತುಗಳನ್ನು ಸ್ರವಿಸಿ ಹಿಟ್ಟನ್ನು ಕೆಡಿಸುವ ಆ ಹುಳುವಿನ ಗಟ್ಟಿತನ ಹೀಗಿದ್ದರೆ, ಕುಟ್ಟೆಹುಳುವಿನ ಪ್ರೌಢಕೀಟವು ಅಲ್ಪ ಪ್ರಮಾಣದ ಆವಿಗೇ ಸಾಯುತ್ತದೆ. ಒಂದೇ ಕೀಟದಲ್ಲಿಯೂ ಪ್ರೌಢಾವಸ್ಥೆ ದುರ್ಬಲ, ಕಾಳಿನೊಳಗಿನ ಬೆಳೆದ ಮರಿಯೂ ಕೋಶಾವಸ್ಥೆಯೂ ಪ್ರಬಲ. ಪ್ರೌಢಕೀಟಗಳನ್ನು ಮಾತ್ರ ಕೊಂದು ಜಯವಾಯಿತೆಂದು ಮುಚ್ಚಳ ತೆರೆದವನಿಗೆ ಮೂರು ವಾರಗಳ ನಂತರ ಅದೇ ಕಾಳಿನಿಂದ ಮತ್ತೊಂದು ತಲೆಮಾರು ಎದುರಾಗುತ್ತದೆ.

ಬಜೆಯ ವಿಚಾರವು ಪ್ರತ್ಯೇಕವಾಗಿ ನಿಂತು ನೋಡಲು ಅರ್ಹವಾದದ್ದು. ಜೌಗುನೆಲದಲ್ಲಿ ಬೆಳೆಯುವ, ಖಡ್ಗದಂಥ ಎಲೆಗಳುಳ್ಳ, ನೆಲದಡಿಯ ಕಾಂಡದಲ್ಲಿ ತೀಕ್ಷ್ಣ ಪರಿಮಳವನ್ನು ತುಂಬಿಕೊಂಡ ಅಕೋರಸ್ ಕಲಮಸ್ ಎಂಬ ಈ ಗಿಡವನ್ನು ತುಮಕೂರು ಜಿಲ್ಲೆಯ ಕೊರಟಗೆರೆಯ ಸುತ್ತ ರೈತರು ಕೃಷಿಮಾಡುತ್ತ ಬಂದಿದ್ದಾರೆ. ಹಸುಗೂಸುಗಳಿಗೆ ಬಜೆಯನ್ನು ತೇದು ನೆಕ್ಕಿಸುವುದು ಮನೆಮನೆಯ ರೂಢಿಯಾಗಿತ್ತು. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ಸಕ್ಸೇನ, ಕೌಲ್, ಟಿಕ್ಕು ಮತ್ತು ಅತಲ್ ಅವರು 1977ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯು ಇದರ ತೈಲದ ವಿಲಕ್ಷಣ ಗುಣವೊಂದನ್ನು ಲೋಕಕ್ಕೆ ತಿಳಿಸಿತು: ತೈಲದಿಂದ ಬೇರ್ಪಡಿಸಿದ ಬೀಟಾ–ಅಸರೋನ್ ಎಂಬ ದ್ರವ್ಯವು ಹೆಣ್ಣುಕೀಟದ ಅಂಡಾಶಯದ ಬೆಳವಣಿಗೆಯನ್ನು ಕುಂಠಿತಗೊಳಿಸಿ ಅದನ್ನು ಬಂಜೆಯಾಗಿಸುತ್ತದೆ. ಕೊಲ್ಲದೆಯೇ ವಂಶವನ್ನು ಕೊನೆಗಾಣಿಸುವ ಇಂಥ ದ್ರವ್ಯವು ದೀರ್ಘಕಾಲದ ಸಂಗ್ರಹಕ್ಕೆ ವರದಾನವೆಂದು ಭಾವಿಸಲು ಕಾರಣವಿತ್ತು.

ಆದರೆ ಅದೇ ಬೀಟಾ–ಅಸರೋನ್ ಇಲಿಗಳಲ್ಲಿ ಅರ್ಬುದರೋಗಕ್ಕೆ ಕಾರಣವಾಗುವುದೆಂದು ಕಂಡುಬಂದುದರಿಂದ, ಅಮೆರಿಕವು ಬಜೆಯನ್ನು ಆಹಾರದಲ್ಲಿ ಸೇರಿಸುವುದನ್ನು 1968ರಲ್ಲಿಯೇ ನಿಷೇಧಿಸಿತ್ತು. ಗಿಡದ ಕುಲಭೇದವೂ ಇಲ್ಲಿ ಮುಖ್ಯವಾಗುತ್ತದೆ. ಉತ್ತರ ಅಮೆರಿಕದ ದ್ವಿಗುಣಿತ ವರ್ಣತಂತುಗಳ ಬಜೆಯಲ್ಲಿ ಈ ದ್ರವ್ಯವೇ ಇಲ್ಲ. ಯೂರೋಪಿನ ತ್ರಿಗುಣಿತದಲ್ಲಿ ಅಲ್ಪ. ಭಾರತದಲ್ಲಿ ಸಿಕ್ಕುವ ಚತುರ್ಗುಣಿತದ ತೈಲದಲ್ಲಿಯಾದರೋ ಅದೇ ಸಿಂಹಪಾಲು. ಕೀಟಕ್ಕೆ ವಿರುದ್ಧವಾಗಿ ಅತ್ಯಂತ ಸಮರ್ಥವಾದ ನಮ್ಮ ಬಜೆಯೇ ಊಟದ ಧಾನ್ಯಕ್ಕೆ ಅತ್ಯಂತ ಅನುಚಿತವಾದದ್ದೆಂಬ ತೀರ್ಮಾನವನ್ನು ತಪ್ಪಿಸಿಕೊಳ್ಳುವಂತಿಲ್ಲ. ಬಿತ್ತನೆಗೆಂದು ಎತ್ತಿಟ್ಟ ಕಾಳಿಗೆ, ಮುಂದೆ ಯಾರ ಪಾತ್ರೆಗೂ ಬೀಳದೆಂಬ ಖಾತ್ರಿಯಿದ್ದಲ್ಲಿ, ಅದು ಸಲ್ಲಬಹುದು. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ಇಂದು ಬಲವಾಗಿ ಹರಡುತ್ತಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಪುದೀನದ ಕೆಲವು ಜಾತಿಗಳಲ್ಲಿರುವ ಪುಲೆಗೋನ್ ಯಕೃತ್ತಿಗೆ ಹಾನಿಕರ. ಕರ್ಪೂರವು ಎಳೆಯ ಮಕ್ಕಳ ಹೊಟ್ಟೆಗೆ ಹೋದರೆ ಅಪಸ್ಮಾರದಂಥ ಸೆಳವನ್ನು ಉಂಟುಮಾಡಬಲ್ಲುದು.

ಈ ವಿದ್ಯೆಯ ನಿಜವಾದ ಕಗ್ಗಂಟು ಇರುವುದು ಧಾನ್ಯದಲ್ಲಿಯೇ. ಪ್ರಯೋಗಶಾಲೆಯ ಬಹುತೇಕ ಪರೀಕ್ಷೆಗಳು ನಡೆಯುವುದು ಬರಿದಾದ ಗಾಜಿನ ಸೀಸೆಯಲ್ಲಿ: ಕೆಲವು ಹುಳುಗಳು, ಕಾಗದದ ಚೂರಿನ ಮೇಲೆ ತೈಲದ ಹನಿ, ಬಿಗಿಯಾದ ಮುಚ್ಚಳ. ಅಲ್ಲಿ ಲೀಟರಿಗೆ ಕೆಲವೇ ಮೈಕ್ರೋಲೀಟರುಗಳಿಂದ ಹುಳು ಸಾಯುತ್ತದೆ. ಅದೇ ಸೀಸೆಗೆ ಗೋಧಿಯನ್ನು ತುಂಬಿದರೆ ಹಲವು ಪಟ್ಟು ಹೆಚ್ಚು ತೈಲ ಬೇಕಾಗುತ್ತದೆ, ಏಕೆಂದರೆ ಕಾಳಿನ ಸಿಪ್ಪೆ, ಪಿಷ್ಟ, ಕೊಬ್ಬು, ಸಸಾರಜನಕಗಳು ಆವಿಯನ್ನು ಹೀರಿಕೊಂಡು, ಕೀಟದ ಪಾಲಿಗೆ ಬರಬೇಕಾದುದನ್ನು ತಾವೇ ಉಳಿಸಿಕೊಳ್ಳುತ್ತವೆ. ಫಾಸ್ಫೀನಿನ ಅಣುಭಾರ 34. ಲಿಮೊನೀನಿನದು 136, ಸಿನಿಯೋಲಿನದು 154. ಫಾಸ್ಫೀನು ಶೂನ್ಯಕ್ಕಿಂತ ಬಹಳ ಕೆಳಗೂ, ಮಿಥೈಲ್ ಬ್ರೋಮೈಡು ಸುಮಾರು 4 ಡಿಗ್ರಿಯಲ್ಲೂ ಕುದಿಯುವ ಕಾರಣ ನಮ್ಮ ಹವೆಯಲ್ಲಿ ಅವು ನಿಜವಾದ ಅನಿಲಗಳು. ರಾಶಿಯ ಆಳಕ್ಕೂ ಕಾಳಿನ ಗರ್ಭಕ್ಕೂ ನುಗ್ಗಬಲ್ಲವು. ಭಾರವಾದ, ನಿಧಾನವಾಗಿ ಆವಿಯಾಗುವ ಟರ್ಪೀನುಗಳು ಮೇಲಿನ ಪದರದಲ್ಲಿಯೇ ಬಹುಪಾಲು ವ್ಯಯವಾಗುತ್ತವೆ.

ಒಂದು ಲೆಕ್ಕದಿಂದ ಇದನ್ನು ಮನಗಾಣಬಹುದು. ಖಾಲಿ ಅವಕಾಶದಲ್ಲಿ ಲೀಟರಿಗೆ 50 ಮೈಕ್ರೋಲೀಟರ್ ಸಾಕೆಂದೂ, ಕಾಳು ತುಂಬಿದಾಗ ಐದು ಪಟ್ಟು ಬೇಕೆಂದೂ ಇಟ್ಟುಕೊಳ್ಳೋಣ. ಸುಮಾರು 750 ಕಿಲೋಗ್ರಾಂ ಗೋಧಿ ಹಿಡಿಯುವ ಒಂದು ಘನಮೀಟರಿಗೆ 250 ಮಿಲಿಲೀಟರ್ ತೈಲ ಬೇಕಾಯಿತು. ಹಸಿಯ ಮಜ್ಜಿಗೆಹುಲ್ಲಿನಲ್ಲಿ ತೂಕದ ಶೇಕಡಾ 0.4ರಷ್ಟು ಎಣ್ಣೆ ದೊರೆಯುವುದಾದರೆ, ಅಷ್ಟು ಎಣ್ಣೆಗೆ ಐವತ್ತು ಕಿಲೋಗ್ರಾಮಿಗೂ ಮೀರಿದ ಹುಲ್ಲನ್ನು ಕೊಯ್ದು ಬಟ್ಟಿಯಿಳಿಸಬೇಕು. ಅದೇ ಪ್ರಮಾಣದ ಧಾನ್ಯಕ್ಕೆ ಟನ್ನಿಗೆ ಮೂರು ಗುಳಿಗೆಗಳ ರೂಢಿಯಂತೆ ಎರಡು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಫಾಸ್ಫೀನ್ ಸಾಕಾಗುತ್ತದೆ. ಸಾವಿರಾರು ಟನ್ನುಗಳ ಸರಕಾರಿ ಗೋದಾಮಿಗೆ ಸುಗಂಧತೈಲವನ್ನು ಸೂಚಿಸುವವರು ಈ ಅಂಕಿಗಳ ಎದುರು ನಿಂತು ಉತ್ತರಿಸಬೇಕಾಗುತ್ತದೆ. ಆದರೆ ಇದೇ ಲೆಕ್ಕವನ್ನು 20 ಲೀಟರಿನ, ಹದಿನೈದು ಕಿಲೋಗ್ರಾಂ ಕಾಳು ಹಿಡಿಯುವ ತಗಡಿನ ಡಬ್ಬಿಗೆ ಇಳಿಸಿದರೆ ಬೇಕಾಗುವುದು ಕೇವಲ 5 ಮಿಲಿಲೀಟರ್. ಗೋದಾಮಿನಲ್ಲಿ ಅಸಾಧ್ಯವಾದದ್ದು ಡಬ್ಬಿಯಲ್ಲಿ ಸುಲಭಸಾಧ್ಯವಾಗುತ್ತದೆ. ಗೋದಾಮಿನ ಗುಳಿಗೆ ಡಬ್ಬಿಯ ಹತ್ತಿರ ಬರಬಾರದಾಗಿರುವುದರಿಂದ, ಎರಡಕ್ಕೂ ತಮ್ಮ ತಮ್ಮ ಸ್ಥಾನಗಳು ತಾವಾಗಿಯೇ ಗೊತ್ತಾಗುತ್ತವೆ.

ಆವಿಯ ಬಲವೆಲ್ಲ ಪಾತ್ರೆಯ ಬಿಗಿಯಲ್ಲಿದೆ. ಗೋಣಿಚೀಲದಲ್ಲಿ ತುಂಬಿದ ಕಾಳಿಗೆ ಎಂಥ ಶ್ರೇಷ್ಠ ತೈಲವನ್ನು ಚಿಮುಕಿಸಿದರೂ ಒಂದೆರಡು ದಿನಗಳಲ್ಲಿ ಅದು ಹೊರಟುಹೋಗುತ್ತದೆ. ಪಾತ್ರೆಯು ಪೂರ್ಣವಾಗಿ ಬಿಗಿಯಾಗಿದ್ದರೆ ಬೇರೊಂದು ಪ್ರಶ್ನೆ ಏಳುತ್ತದೆ. ಉತ್ತರ ಕರ್ನಾಟಕದ ಹಗೇವುಗಳಲ್ಲಿ, ನೆಲದೊಳಗೆ ತೋಡಿ ಬಾಯಿ ಮುಚ್ಚಿದ ಆ ಕುಳಿಗಳಲ್ಲಿ, ಜೋಳವು ವರ್ಷಗಟ್ಟಲೆ ಕೆಡದೆ ಇರುತ್ತಿದ್ದುದಕ್ಕೆ ಕಾಳೂ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಅಂಗಾರಾಮ್ಲವನ್ನು ತುಂಬುತ್ತಿದ್ದುದೇ ಕಾರಣ. ಹಗೇವನ್ನು ತೆರೆದ ಕೂಡಲೆ ಇಳಿದವರು ಉಸಿರುಕಟ್ಟಿ ಸತ್ತ ಪ್ರಸಂಗಗಳು ಆ ಸೀಮೆಯಲ್ಲಿ ಅಪರೂಪವಾಗಿರಲಿಲ್ಲ. ಇದೇ ತತ್ತ್ವವನ್ನು ಪ್ಲಾಸ್ಟಿಕ್ಕಿಗೆ ಅಳವಡಿಸಿ, ಕ್ಯಾಮರೂನಿನ ಅಲಸಂದೆಯ ರೈತರಿಗಾಗಿ 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ಮೂರು ಪದರದ ಚೀಲದ ಕ್ರಮವನ್ನು ರೂಪಿಸಿದರು. ಅಂಥ ಪಾತ್ರೆಯಲ್ಲಿ ತೈಲದ ನೆರವಿಲ್ಲದೆಯೇ ಹುಳು ಸಾಯುತ್ತದೆ. ತೈಲಕ್ಕೆ ಸಲ್ಲುವ ಸ್ಥಾನವಿರುವುದು ಇವೆರಡರ ನಡುವೆ: ತಕ್ಕಮಟ್ಟಿಗೆ ಬಿಗಿಯಾದ, ಆದರೆ ಆಗಾಗ ತೆರೆದು ಮುಚ್ಚಬೇಕಾಗುವ ಮನೆಯ ಡಬ್ಬಿಗಳಲ್ಲಿ, ಮುಂದಿನ ವರ್ಷದ ಬೀಜವನ್ನಿಟ್ಟ ಮಡಕೆಗಳಲ್ಲಿ, ದ್ವಿದಳ ಧಾನ್ಯಗಳ ಸಣ್ಣ ಸಂಗ್ರಹಗಳಲ್ಲಿ.

ಬೀಜದ ಮಾತು ಬಂದಾಗ ಮೊಳಕೆಯನ್ನು ಮರೆಯಲಾಗದು. ಸುಗಂಧದ್ರವ್ಯಗಳು ಇತರ ಸಸ್ಯಗಳ ಬೀಜ ಮೊಳೆಯುವುದನ್ನು ತಡೆಯುವ ಗುಣವನ್ನೂ ಹೊಂದಿವೆ. ಕಾರ್ವೋನಿನ ಈ ಗುಣವನ್ನೇ ಉಪಯೋಗಿಸಿ ಹಾಲೆಂಡಿನಲ್ಲಿ ಸಂಗ್ರಹದ ಆಲೂಗೆಡ್ಡೆಗಳು ಚಿಗುರದಂತೆ ಮಾಡುವ ಕ್ರಮವನ್ನು ಬಳಕೆಗೆ ತಂದರು. ಆದುದರಿಂದ ಒಂದು ತೈಲವನ್ನು ಬೀಜಕ್ಕೆ ಶಿಫಾರಸು ಮಾಡುವ ಮುನ್ನ ಹುಳು ಸತ್ತಿತೇ ಎಂಬುದರೊಡನೆ ಬೀಜ ಬದುಕಿತೇ ಎಂಬುದನ್ನೂ ನೋಡತಕ್ಕದ್ದು. ಊಟದ ಕಾಳಿನಲ್ಲಿ ವಾಸನೆಯ ಪ್ರಶ್ನೆಯಿದೆ. ಓಮ, ಕೊತ್ತಂಬರಿಗಳ ಪರಿಮಳ ಬೇಳೆಯಲ್ಲಿ ಸ್ವಲ್ಪ ಉಳಿದರೆ ಸಹಿಸಬಹುದು; ಅನ್ನದಲ್ಲಿ ನೀಲಗಿರಿ ಎಣ್ಣೆಯ ವಾಸನೆಯನ್ನು ಯಾರೂ ಒಪ್ಪಲಾರರು. ಗಾಳಿಗೆ ಹರಡಿ ಬಿಸಿಲಿಗೆ ಹಾಕಿದರೆ ಬಹುಪಾಲು ಹೋಗುವುದಾದರೂ, ಕಾಳಿನ ಕೊಬ್ಬಿನಲ್ಲಿ ಕರಗಿ ನಿಂತ ಅಂಶ ಬೇಯಿಸುವಾಗ ಮತ್ತೆ ತಲೆಯೆತ್ತುತ್ತದೆ.

ತೈಲದ ಸ್ವರೂಪವೇ ಸ್ಥಿರವಲ್ಲದಿರುವುದು ಮತ್ತೊಂದು ತೊಡಕು. ಕಾಮಕಸ್ತೂರಿಯ ಒಂದು ತಳಿಯಲ್ಲಿ ಲಿನಲೂಲ್ ಪ್ರಧಾನವಾದರೆ ಇನ್ನೊಂದರಲ್ಲಿ ಮಿಥೈಲ್ ಚಾವಿಕಾಲ್. ತುಳಸಿಯಲ್ಲಿ ಕೆಲವೆಡೆ ಯೂಜಿನಾಲ್, ಕೆಲವೆಡೆ ಮಿಥೈಲ್ ಯೂಜಿನಾಲ್. ನೆಲ, ಋತು, ಕೊಯ್ಲಿನ ಹೊತ್ತು, ಬಟ್ಟಿಯಿಳಿಸಿದ ರೀತಿ ಇವೆಲ್ಲವೂ ಪರಿಣಾಮ ಬೀರುವುದರಿಂದ, ಘಟಕಗಳ ವಿಶ್ಲೇಷಣೆಯಿಲ್ಲದೆ ಸಸ್ಯದ ಹೆಸರನ್ನಷ್ಟೇ ಹೇಳುವ ಶಿಫಾರಸಿಗೆ ಬೆಲೆ ಅಲ್ಪ.

ಆವಿಯು ಬೇಗ ಹಾರಿಹೋಗುವ ದೋಷವನ್ನು ಪರಿಹರಿಸಲು ತೈಲವನ್ನು ಅತಿಸೂಕ್ಷ್ಮ ಹನಿಗಳ ಮಿಶ್ರಣವನ್ನಾಗಿಸುವುದು, ಸೀಗಡಿ ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೊಸಾನಿನ ಕಣಗಳಲ್ಲಿಯೋ ಸೈಕ್ಲೊಡೆಕ್ಸ್ಟ್ರಿನ್ ಎಂಬ ಸಕ್ಕರೆಯ ಉಂಗುರಗಳಲ್ಲಿಯೋ ಬಂಧಿಸಿ ಮೆಲ್ಲಮೆಲ್ಲನೆ ಬಿಡುಗಡೆಯಾಗುವಂತೆ ಮಾಡುವುದು, ಜೇಡಿಮಣ್ಣಿನ ಪುಡಿಗೆ ಹೀರಿಸಿ ಕಾಳಿಗೆ ಬೆರೆಸುವುದು ಇತ್ತೀಚಿನ ಪ್ರಯತ್ನಗಳು. ಆಫ್ರಿಕದ ಪರಿಸ್ಥಿತಿಗೆ ಈ ಕೊನೆಯ ಕ್ರಮವು ಅಗ್ಗವೂ ಅನುಕೂಲವೂ ಆಗಿ ಕಂಡಿದೆ. ನಮ್ಮಲ್ಲಿ, 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಧಾನ್ಯಕೀಟಗಳ ನಿಯಂತ್ರಣವನ್ನು ತನ್ನ ಕಾರ್ಯಕ್ಷೇತ್ರಗಳಲ್ಲೊಂದನ್ನಾಗಿ ಇಟ್ಟುಕೊಂಡು, ಧೂಮಕಗಳ ಜೊತೆಗೆ ಸಸ್ಯಮೂಲದ ರಕ್ಷಕಗಳನ್ನೂ ಪರೀಕ್ಷಿಸುತ್ತ ಬಂದಿದೆ.

ಕಾನೂನಿನ ದೃಷ್ಟಿಯಿಂದ ದೇಶದೇಶಗಳ ನಡುವೆ ವ್ಯತ್ಯಾಸವಿದೆ. ಅಮೆರಿಕವು 1996ರಲ್ಲಿ ಲವಂಗ, ಮಜ್ಜಿಗೆಹುಲ್ಲು, ಪುದೀನ, ದಾಲ್ಚಿನ್ನಿ ಮೊದಲಾದವುಗಳ ತೈಲಗಳನ್ನು ಅಲ್ಪತಮ ಅಪಾಯದ ವಸ್ತುಗಳೆಂದು ಗಣಿಸಿ ಕೀಟನಾಶಕ ನೋಂದಣಿಯಿಂದ ವಿನಾಯಿತಿ ನೀಡಿತು. ಭಾರತದಲ್ಲಿ ಕೀಟನಾಶಕವೆಂದು ಮಾರಲ್ಪಡುವ ವಸ್ತುಗಳು 1968ರ ಕೀಟನಾಶಕ ಅಧಿನಿಯಮದ ಪ್ರಕಾರ ನೋಂದಣಿಯಾಗಬೇಕು. ಆ ನೋಂದಣಿಗೆ ಆಧಾರವಾಗಬೇಕಾದ ಪರೀಕ್ಷೆಗಳನ್ನು ಖಾಲಿ ಸೀಸೆಯಿಂದ ಹೊರತಂದು, ಕಾಳು ತುಂಬಿದ ಡಬ್ಬಿಯಲ್ಲಿ, ಮೊಟ್ಟೆ ಮರಿ ಕೋಶ ಪ್ರೌಢಕೀಟಗಳೆಲ್ಲವನ್ನೂ ಒಳಗೊಂಡು, ಆಗಾಗ ಮುಚ್ಚಳವನ್ನು ತೆರೆದು ಮುಚ್ಚುತ್ತ, ಕನಿಷ್ಠಪಕ್ಷ ಒಂದು ಸುಗ್ಗಿಯಿಂದ ಮುಂದಿನ ಬಿತ್ತನೆಯವರೆಗೆ ನಡೆಸಿ, ಕೊನೆಯಲ್ಲಿ ಮೊಳಕೆಯ ಪ್ರಮಾಣವನ್ನೂ ಬೇಯಿಸಿದ ಬೇಳೆಯ ರುಚಿಯನ್ನೂ ಬರೆದಿಡುವುದು ಅವಶ್ಯ. ಡಬ್ಬಿಗೆ ತುಂಬುವ ಮೊದಲು ಕಾಳನ್ನು ಹಲ್ಲಿಗೆ ಕಟಕ್ಕೆನ್ನುವಷ್ಟು ಒಣಗಿಸಿರಬೇಕು. ತೇವ ಉಳಿದ ಕಾಳಿಗೆ ಹುಳುವಿನ ಜೊತೆಗೆ ಬೂಷ್ಟೂ ಹತ್ತುವುದರಿಂದ, ಅಲ್ಲಿ ಯಾವ ತೈಲವೂ ಪ್ರಯೋಜನಕ್ಕೆ ಬಾರದು.